ಎಳೆಯ ಗಾರ್ಡ್‌ನ ಮೊದಲ ನಾಲ್ಕು ಸೀಸನ್: ಪಾಯಿಂಟ್ ಬಿಟ್ಟು ಏನು ನೋಡಬೇಕು

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೊಸದಾಗಿ ಬಂದ ಗಾರ್ಡ್ (ಬಾಲ್ ಮುಂದೆ ತಂದು ಆಟ ನಡೆಸುವವನು) ಒಬ್ಬನನ್ನು ಶುರುವಿನಿಂದ ಗಮನಿಸಬೇಕು ಅಂತ ಆಸೆ ಇದೆಯಾ? ಹಾಗಾದರೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ತೆರೆದ ತಕ್ಷಣ ಪಾಯಿಂಟ್ ಕಾಲಂ ಮೇಲೆ ಬೆರಳಿಟ್ಟು ಮುಚ್ಚಿಬಿಡಿ. ಹೆಸರಿನ ಪಕ್ಕದಲ್ಲೇ ನಿಮಿಷದ ಕಾಲಂ ಇರುತ್ತದೆ. ಮೊದಲು ಅದನ್ನು ಓದಿ. ಪಾಯಿಂಟ್ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಕಾಲೇಜು ಟೀಮಿನಲ್ಲಿ ಗಾರ್ಡ್ ಆಡಿದವನು. ಈಗ ಭಾನುವಾರ ಬೆಳಗ್ಗೆ ನಮ್ಮ ಬಡಾವಣೆಯ ಕೋರ್ಟಿನಲ್ಲಿ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಅವರು ಫೋನ್ ಮುಂದೆ ಹಿಡಿದು ಕೇಳುವುದು ಒಂದೇ: "ಸರ್, ಇವನು ಮುಂದೆ ಸ್ಟಾರ್ ಆಗ್ತಾನಾ?" ಫೋನಿನಲ್ಲಿ ಇರುವುದು ಹೈಲೈಟ್. ಹೈಲೈಟಿನಲ್ಲಿ ಎಲ್ಲಾ ಶಾಟೂ ಬೀಳುತ್ತವೆ, ಅಲ್ವಾ? ಅದನ್ನು ನೋಡಿ ಏನು ಹೇಳಲಿ? ಅವರಿಗೆ ಉತ್ತರ ಕೊಡುತ್ತಾ ಕೊಡುತ್ತಾ ನನ್ನದೇ ಒಂದು ಪದ್ಧತಿ ಬೆಳೆಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಟೈರೀಸ್ ಮ್ಯಾಕ್ಸಿಯನ್ನು ಇಟ್ಟುಕೊಂಡಿದ್ದೇನೆ. 2020ರಲ್ಲಿ ಫಿಲಡೆಲ್ಫಿಯಾ ಸಿಕ್ಸರ್ಸ್ ಸೇರಿದ, 6 ಅಡಿ 2 ಇಂಚಿನ ಗಾರ್ಡ್. ಅವನ ಮೊದಲ ನಾಲ್ಕು ಸೀಸನ್ ಮುಗಿದು ಲೆಕ್ಕ ಪೂರ್ತಿ ನಮ್ಮ ಕೈಯಲ್ಲಿರುವುದರಿಂದ ಕಲಿಯಲು ಸುಲಭ.

ಯಾರನ್ನು ಆರಿಸಿಕೊಳ್ಳಬೇಕು

ಡ್ರಾಫ್ಟ್ ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಅದರಲ್ಲಿ ಮೊದಲ ಮೂರು ನಾಲ್ಕು ಹೆಸರುಗಳನ್ನು ಬಿಟ್ಟುಬಿಡಿ. ಅಂಥವರನ್ನು ತೆಗೆದುಕೊಳ್ಳುವ ಟೀಮ್ ಹಿಂದಿನ ವರ್ಷ ಚೆನ್ನಾಗಿ ಸೋತಿರುತ್ತದೆ. ಹುಡುಗನ ಕೈಗೆ ಬಾಲ್ ಕೊಟ್ಟು "ಸೋತರೂ ಪರವಾಗಿಲ್ಲ, ನೀನೇ ಆಡಪ್ಪ" ಅನ್ನುತ್ತಾರೆ. ಅಲ್ಲಿ ಬರುವ ಪಾಯಿಂಟಿನಲ್ಲಿ ಅವನದೆಷ್ಟು, ಸಿಕ್ಕ ಅವಕಾಶದ್ದೆಷ್ಟು ಅಂತ ಬೇರೆ ಮಾಡುವುದು ಕಷ್ಟ. 15ರಿಂದ 35ನೇ ಸ್ಥಾನದ ನಡುವೆ ಬಂದವನನ್ನು ಹಿಡಿಯಿರಿ. ಅವನು ಪ್ರತಿ ನಿಮಿಷವನ್ನೂ ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕು. ನೋಡಲು ರುಚಿ ಅಲ್ಲಿದೆ.

ಮ್ಯಾಕ್ಸಿ 21ನೆಯವನು. ಆ 21ನೇ ಸ್ಥಾನ ಸಿಕ್ಸರ್ಸ್ ಕೈಗೆ ಬಂದ ಕತೆ ಚೆನ್ನಾಗಿದೆ. 2017ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಹೆಸರು ಮಾರ್ಕೆಲ್ ಫುಲ್ಟ್ಸ್. ಅವನೂ ಗಾರ್ಡ್, ಅವನನ್ನೂ ತೆಗೆದುಕೊಂಡದ್ದು ಇದೇ ಸಿಕ್ಸರ್ಸ್. ಭುಜದ ತೊಂದರೆ ಶುರುವಾಯಿತು, ಶಾಟ್ ಹೊಡೆಯುವ ರೀತಿಯೇ ಕೆಟ್ಟುಹೋಯಿತು. ಮೊದಲ ಸೀಸನ್ನಿನಲ್ಲಿ ಆಡಿದ್ದು ಬರೀ 14 ಪಂದ್ಯ. 2019ರ ಫೆಬ್ರುವರಿಯಲ್ಲಿ ಅವನನ್ನು ಒರ್ಲ್ಯಾಂಡೊಗೆ ಕಳಿಸಿದರು. ಬದಲಿಗೆ ಬಂದದ್ದರಲ್ಲಿ ಒಕ್ಲಹೋಮ ಸಿಟಿಯ 2020ರ ಮೊದಲ ಸುತ್ತಿನ ಪಿಕ್ (ಆಟಗಾರನನ್ನು ಆರಿಸುವ ಸರದಿ) ಒಂದು. ಅದಕ್ಕೊಂದು ಷರತ್ತು ಇತ್ತು: 20ನೇ ಸ್ಥಾನದ ಒಳಗೆ ಬಂದರೆ ಸಿಗುವುದಿಲ್ಲ. ಅದು ಸರಿಯಾಗಿ 21ಕ್ಕೆ ಬಂದು ನಿಂತಿತು. ಒಂದನೇ ಸ್ಥಾನದ ಗಾರ್ಡ್ ಹೋಗಿ 21ನೇ ಸ್ಥಾನದ ಗಾರ್ಡ್ ಬಂದ. ಡ್ರಾಫ್ಟ್ ಸ್ಥಾನಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಹುಡುಗರು ವಾದ ಮಾಡಿದಾಗೆಲ್ಲ ನಾನು ಈ ಕತೆ ತೆಗೆಯುತ್ತೇನೆ.

ಅವನ ಮುಂದೆ ಯಾರಿದ್ದಾರೆ, ಬರೆದಿಟ್ಟುಕೊಳ್ಳಿ

ಎನ್‌ಬಿಎ ಪಂದ್ಯ 48 ನಿಮಿಷ. ಕೋರ್ಟಿನಲ್ಲಿ ಐದು ಜನ. ಅಂದರೆ ಕೋಚ್ ಕೈಯಲ್ಲಿ ಹಂಚಲು 240 ನಿಮಿಷ ಇದೆ. ಅದರಲ್ಲಿ ಇಬ್ಬರು ಗಾರ್ಡ್‌ಗಳ ಜಾಗಕ್ಕೆ 96. ಒಬ್ಬೊಬ್ಬ ಸ್ಟಾರ್ಟರ್ (ಪಂದ್ಯ ಶುರುವಾಗುವಾಗಲೇ ಇಳಿಯುವವನು) 33–34 ನಿಮಿಷ ತಿಂದರೆ ಉಳಿಯುವುದು 28ರಿಂದ 30. ಬೆಂಚಿನಲ್ಲಿರುವ ಗಾರ್ಡ್‌ಗಳೆಲ್ಲ ಅದನ್ನೇ ಹಂಚಿಕೊಳ್ಳಬೇಕು.

ಸೀಸನ್ ಶುರುವಾಗುವ ಮುಂಚೆ ಒಂದು ಕಾಗದದ ಮೇಲೆ ನಿಮ್ಮ ಹುಡುಗನ ಹೆಸರು ಬರೆದು, ಅದರ ಮೇಲೆ ಅವನಿಗಿಂತ ಮುಂದಿರುವ ಗಾರ್ಡ್‌ಗಳ ಹೆಸರು ಬರೆಯಿರಿ. ಪ್ರತಿಯೊಬ್ಬನ ಪಕ್ಕ ವಯಸ್ಸು, ಒಪ್ಪಂದ ಯಾವಾಗ ಮುಗಿಯುತ್ತದೆ ಅನ್ನುವುದನ್ನು ಬರೆಯಿರಿ. ಮ್ಯಾಕ್ಸಿ ಬಂದಾಗ ಆ ಪಟ್ಟಿಯಲ್ಲಿ ಬೆನ್ ಸಿಮ್ಮನ್ಸ್, ಸೆತ್ ಕರಿ, ಡ್ಯಾನಿ ಗ್ರೀನ್, ಶೇಕ್ ಮಿಲ್ಟನ್ ಇದ್ದರು. ಅವನ ಹೆಸರು ತಳದಲ್ಲಿ. ಕೋವಿಡ್ ವರ್ಷ ಬೇರೆ. ಡ್ರಾಫ್ಟ್ ನಡೆದದ್ದು 2020ರ ನವೆಂಬರ್ 18ಕ್ಕೆ, ಡಿಸೆಂಬರಿನಲ್ಲಿ ಸೀಸನ್ ಶುರು. ಹೊಸಬರು ಕೈ ಪಳಗಿಸಿಕೊಳ್ಳುವ ಸಮ್ಮರ್ ಲೀಗ್ ಆ ವರ್ಷ ನಡೆಯಲೇ ಇಲ್ಲ.

ಈ ಪಟ್ಟಿಯನ್ನು ಎಸೆಯಬೇಡಿ. ಹುಡುಗ ಮೇಲೆ ಬರುವುದು ಎರಡೇ ದಾರಿಯಲ್ಲಿ. ಒಂದೋ ಮೇಲಿನವನನ್ನು ಆಟದಲ್ಲಿ ಹಿಂದೆ ಹಾಕಬೇಕು, ಇಲ್ಲ ಮೇಲಿನವನು ಟೀಮ್ ಬಿಟ್ಟು ಹೋಗಬೇಕು. ಹೊರಗಿನವರು ಮೊದಲನೆಯದೇ ಜಾಸ್ತಿ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಜಾಸ್ತಿ.

ಒಂದು ದೊಡ್ಡ ರಾತ್ರಿ ಬಂದರೆ

ಬರುತ್ತದೆ. ಪ್ರತಿ ಹೊಸ ಗಾರ್ಡ್‌ಗೂ ಒಂದು ರಾತ್ರಿ ಎಲ್ಲಾ ಬೀಳುತ್ತದೆ. ಆಗ ಏನು ಮಾಡಬೇಕು?

ಮ್ಯಾಕ್ಸಿಗೆ ಅದು 2021ರ ಜನವರಿ 9ಕ್ಕೆ ಬಂತು. ಡೆನ್ವರ್ ವಿರುದ್ಧ ಮೊದಲ ಸಲ ಸ್ಟಾರ್ಟ್ ಮಾಡಿದ, 39 ಪಾಯಿಂಟ್ ಹೊಡೆದ. ಮಾರನೇ ದಿನ ಎಲ್ಲರ ಬಾಯಲ್ಲೂ ಅವನೇ. ಈಗ ಅದೇ ಬಾಕ್ಸ್ ಸ್ಕೋರನ್ನು ಮೆಲ್ಲಗೆ ಓದಿ. ಸಿಕ್ಸರ್ಸ್ ಪರ ಆಡಿದ್ದೇ ಏಳು ಜನ. ಟೀಮಿನ ಸ್ಟಾರ್ ಸೆಂಟರ್ ಜೊಯೆಲ್ ಎಂಬೀಡ್ ಇಲ್ಲ, ಸಿಮ್ಮನ್ಸ್ ಇಲ್ಲ, ಸೆತ್ ಕರಿ ಇಲ್ಲ, ಟೊಬಿಯಸ್ ಹ್ಯಾರಿಸ್ ಇಲ್ಲ. ಕೆಲವರಿಗೆ ಪೆಟ್ಟು, ಕೆಲವರು ಕೋವಿಡ್ ನಿಯಮದಿಂದ ಹೊರಗೆ. ಮ್ಯಾಕ್ಸಿ 33 ಶಾಟ್ ಹೊಡೆದು 18 ಹಾಕಿದ. ಟೀಮ್ ಸೋತಿತು. ಆ ರಾತ್ರಿಯ 39ನ್ನು ಹಿಡಿದುಕೊಂಡು ಹುಡುಗನ ಮುಂದಿನ ಹತ್ತು ವರ್ಷ ಹೇಳಲು ಹೊರಟರೆ, ಜೋರು ಮಳೆ ಬಂದ ದಿನದ ವ್ಯಾಪಾರ ನೋಡಿ ಕೊಡೆ ಅಂಗಡಿಗೆ ಬೆಲೆ ಕಟ್ಟಿದ ಹಾಗೆ.

ಹಾಗಂತ ಆ ಪಂದ್ಯ ಸುಮ್ನೆ ಅಲ್ಲ. ಅದರಲ್ಲಿ ಹುಡುಕಬೇಕಾದದ್ದು ಬೇರೆ. 33 ಶಾಟ್ ಹೊಡೆಯಲು ಜಾಗ ಎಲ್ಲಿಂದ ಸಿಕ್ಕಿತು? ಎದುರಿಗಿರುವವನನ್ನು ದಾಟಿ ರಿಮ್ ಕೆಳಗಿನ ಬಣ್ಣದ ಜಾಗಕ್ಕೆ ತಾನೇ ನುಗ್ಗಿದನಾ, ಇಲ್ಲ ಬೇರೆಯವರು ಮಾಡಿಕೊಟ್ಟ ಶಾಟುಗಳಾ? ಮ್ಯಾಕ್ಸಿಯ ಪಂದ್ಯ ನೋಡಿದರೆ ಮೊದಲನೆಯದು. ಮೊದಲ ಹೆಜ್ಜೆಗೇ ಎದುರಾಳಿ ಹಿಂದೆ ಬೀಳುತ್ತಾನೆ, ಆಮೇಲೆ ಒಂದು ಕೈಯಲ್ಲಿ ಮೇಲಕ್ಕೆ ತೇಲಿಸಿ ಬಿಡುವ ಫ್ಲೋಟರ್. ಎಂಬೀಡ್ ಬಂದರೂ, ಹ್ಯಾರಿಸ್ ಬಂದರೂ ಆ ಹೆಜ್ಜೆ ಅವನ ಜೊತೆಗೇ ಇರುತ್ತದೆ. ನೀವು ಬರೆದಿಟ್ಟುಕೊಳ್ಳಬೇಕಾದದ್ದು ಅದನ್ನು.

ಮತ್ತೆ ಎರಡು ಮೂರು ವಾರ ಬಿಟ್ಟು ನೋಡಿ. ಎಲ್ಲರೂ ವಾಪಸ್ ಬಂದ ಮೇಲೆ ಅವನಿಗೆ ಎಷ್ಟು ನಿಮಿಷ ಸಿಗುತ್ತಿದೆ? ಮ್ಯಾಕ್ಸಿ ವಾಪಸ್ ಬೆಂಚಿಗೆ ಹೋದ. ಆ ಸೀಸನ್ ಪೂರ್ತಿ 61 ಪಂದ್ಯ ಆಡಿ ಸ್ಟಾರ್ಟ್ ಮಾಡಿದ್ದು 8ರಲ್ಲಿ ಮಾತ್ರ.

ಕ್ಯಾಲ್ಕುಲೇಟರ್ ತೆಗೆಯಿರಿ

ಈಗ ಬೆರಳು ತೆಗೆದು ಪಾಯಿಂಟ್ ನೋಡಬಹುದು. ಆದರೆ ನಿಮಿಷದ ಜೊತೆ ಸೇರಿಸಿ ನೋಡಬೇಕು. ಪಾಯಿಂಟನ್ನು ನಿಮಿಷದಿಂದ ಭಾಗಿಸಿ, 36ರಿಂದ ಗುಣಿಸಿ. ಸ್ಟಾರ್ಟರ್ ಒಬ್ಬ ಆಡುವಷ್ಟು ಹೊತ್ತು ಇವನೂ ಆಡಿದ್ದರೆ ಎಷ್ಟು ಬರುತ್ತಿತ್ತು ಅನ್ನುವ ಅಂದಾಜು ಅದು.

ಮ್ಯಾಕ್ಸಿ ಮೊದಲ ಸೀಸನ್, 2020–21: ಪಂದ್ಯಕ್ಕೆ 15.3 ನಿಮಿಷ, 8 ಪಾಯಿಂಟ್. ಎರಡನೇ ಸೀಸನ್, 2021–22: 35.3 ನಿಮಿಷ, 17.5 ಪಾಯಿಂಟ್. ಪಾಯಿಂಟ್ ಎರಡು ಪಟ್ಟು ದಾಟಿತು ಅಂತ ಎಲ್ಲರೂ ಕುಣಿದರು. ಲೆಕ್ಕ ಹಾಕಿ ನೋಡಿ. ಮೊದಲ ವರ್ಷ 36 ನಿಮಿಷಕ್ಕೆ ಸುಮಾರು 18.8. ಎರಡನೇ ವರ್ಷ ಸುಮಾರು 17.8. ಅಂದರೆ ಒಂದು ಪಾಯಿಂಟ್ ಕಮ್ಮಿಯೇ! ಸ್ಕೋರ್ ಮಾಡುವ ವೇಗ ಬದಲಾಗಲಿಲ್ಲ. ಬದಲಾಗಿದ್ದು ನಿಮಿಷ.

ಈ ಲೆಕ್ಕ ತೋರಿಸಿದರೆ ನಮ್ಮ ಹುಡುಗರು "ಹಾಗಾದರೆ ಅವನು ಬೆಳೆಯಲೇ ಇಲ್ವಾ ಸರ್?" ಅನ್ನುತ್ತಾರೆ. ಬೆಳೆದ. ಬೆಂಚಿನಿಂದ ಬಂದು ಎದುರಾಳಿಯ ಬೆಂಚಿನವರ ಮೇಲೆ 15 ನಿಮಿಷ ಆಡುವುದು ಬೇರೆ. ಎದುರಾಳಿಯ ಒಳ್ಳೆಯ ಡಿಫೆಂಡರ್ ಮೈಮೇಲೆ ಬಿದ್ದಿರುವಾಗ 35 ನಿಮಿಷ ಅದೇ ವೇಗ ಉಳಿಸಿಕೊಳ್ಳುವುದು ಬೇರೆ. ನಿಮಿಷ ಏರಿದಾಗ ವೇಗ ಬಿದ್ದುಹೋಗುವವರೇ ಜಾಸ್ತಿ. ಬೀಳದೆ ನಿಂತದ್ದೇ ಸುದ್ದಿ. ನಿಜವಾಗಿ ವೇಗ ಏರಿದ್ದು ಆಮೇಲೆ. 2023–24ರಲ್ಲಿ 37.5 ನಿಮಿಷಕ್ಕೆ 25.9 ಪಾಯಿಂಟ್. 36ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 25.

ಒಂದು ಎಚ್ಚರಿಕೆ. ಪಂದ್ಯಕ್ಕೆ ಐದಾರು ನಿಮಿಷ ಆಡುವವನಿಗೆ ಈ ಲೆಕ್ಕ ಹಾಕಬೇಡಿ. ಗೆಲುವು ಸೋಲು ತೀರ್ಮಾನ ಆದ ಮೇಲೆ ಕೊನೆಗೆ ಇಳಿಸುವ ಹುಡುಗರು 36 ನಿಮಿಷದ ಲೆಕ್ಕದಲ್ಲಿ ಎಲ್ಲರೂ ಮಹಾಶೂರರೇ.

ತ್ರೀ ಬೀಳುತ್ತದಾ ಅಂತ ತಿಳಿಯಲು ಫ್ರೀ ಥ್ರೋ ನೋಡಿ

ಇವತ್ತಿನ ಆಟದಲ್ಲಿ ಗಿಡ್ಡ ಗಾರ್ಡ್‌ಗೆ ದೂರದ ಶಾಟ್, ಅಂದರೆ ಮೂರು ಪಾಯಿಂಟಿನ ತ್ರೀ, ಇಲ್ಲದಿದ್ದರೆ ಜಾಗವಿಲ್ಲ. ಆದರೆ ಮೊದಲ ವರ್ಷದ ತ್ರೀ ಪರ್ಸೆಂಟೇಜ್ ನಂಬುವ ಹಾಗಿಲ್ಲ. ಯಾಕೆ ಅಂದರೆ ಶಾಟುಗಳ ಲೆಕ್ಕವೇ ಸಾಲದು. ಮ್ಯಾಕ್ಸಿ ಮೊದಲ ಸೀಸನ್ ಪೂರ್ತಿ ಹೊಡೆದದ್ದು ನೂರರ ಆಸುಪಾಸು ತ್ರೀ, ಅದರಲ್ಲಿ ಶೇ. 30.1 ಬಿತ್ತು. ಇನ್ನೊಂದು ಆರು ಶಾಟ್ ರಿಮ್ ಒಳಗೆ ತಿರುಗಿದ್ದರೆ ಶೇ. 36 ಆಗುತ್ತಿತ್ತು. ಆಗ ಎಲ್ಲರೂ "ಒಳ್ಳೆ ಶೂಟರ್" ಅನ್ನುತ್ತಿದ್ದರು. ಆರು ಶಾಟ್ ಮೇಲೆ ಒಬ್ಬನ ಹಣೆಬರಹ ಬರೆಯಲು ಆಗುತ್ತದಾ?

ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಆಡಿದ ಒಂದೇ ವರ್ಷದಲ್ಲೂ ಅವನ ತ್ರೀ ಶೇ. 29.2 ಇತ್ತು. ಡ್ರಾಫ್ಟ್‌ನಲ್ಲಿ 21ರವರೆಗೆ ಜಾರಲು ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಆದರೆ ಅದೇ ಕೆಂಟಕಿಯಲ್ಲಿ ಫ್ರೀ ಥ್ರೋ ಶೇ. 83.3. ಮೊದಲ ಎನ್‌ಬಿಎ ಸೀಸನ್ನಿನಲ್ಲಿ ಶೇ. 87ರಷ್ಟು. ಇಲ್ಲಿ ಕಿವಿ ನೆಟ್ಟಗಾಗಬೇಕು. ಫ್ರೀ ಥ್ರೋ ಅಂದರೆ ಅಡ್ಡ ಯಾರೂ ಇಲ್ಲ, ಅವಸರ ಇಲ್ಲ, ಬರೀ ಕೈ ಮತ್ತು ರಿಮ್. ಅಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಹಾಕುವವನ ಕೈಯಲ್ಲಿ ಶಾಟ್ ಇದೆ ಅಂತಲೇ ಅರ್ಥ. ಕಾಲು ಹಿಂದಕ್ಕೆ ಸರಿದು ಅಭ್ಯಾಸ ಆಗಬೇಕು, ಅಷ್ಟೇ. ನಮ್ಮ ಕೋರ್ಟುಗಳಲ್ಲಿ ತ್ರೀ ಗೆರೆ 6.75 ಮೀಟರ್. ಎನ್‌ಬಿಎಯಲ್ಲಿ ಎದುರಿಗೆ 7.24. ಆ ಅರ್ಧ ಮೀಟರಿಗೆ ಕಾಲಿನ ಬಲವನ್ನೇ ಬೇರೆ ಥರ ಕೂಡಿಸಬೇಕು. ಭಾನುವಾರ ಹುಡುಗರು ಗೆರೆಯಿಂದ ಇನ್ನೊಂದು ಹೆಜ್ಜೆ ಹಿಂದೆ ನಿಂತು ಎಸೆಯುವಾಗ ಬಾಲ್ ರಿಮ್‌ವರೆಗೂ ಹೋಗದಿರುವುದನ್ನು ನೋಡಿದರೆ ಗೊತ್ತಾಗುತ್ತದೆ.

ಎರಡನೇ ಸೀಸನ್ನಿಗೆ ಮ್ಯಾಕ್ಸಿಯ ತ್ರೀ ಶೇ. 42.7ಕ್ಕೆ ಹಾರಿತು. ಪಂದ್ಯಕ್ಕೆ ಹೊಡೆಯುವುದೂ 1.7ರಿಂದ 4.1ಕ್ಕೆ ಏರಿತು. ಮೂರನೇ ಸೀಸನ್ನಿನಲ್ಲಿ ಪಂದ್ಯಕ್ಕೆ 6.2 ಹೊಡೆದು ಶೇ. 43.4. ಎಣಿಕೆ ಏರುತ್ತಾ ಪರ್ಸೆಂಟೇಜೂ ನಿಂತರೆ, ಅದು ಗಟ್ಟಿ.

ಸ್ಕ್ರೀನ್ ಹತ್ತಿರ ಕಣ್ಣಿಡಿ

ಇಲ್ಲಿಗೆ ಲೆಕ್ಕದ ಪುಸ್ತಕ ಮುಚ್ಚಿ. ಪಂದ್ಯ ಹಾಕಿ.

ಗಾರ್ಡ್ ಬಾಲ್ ಬಡಿಯುತ್ತಾ ಮೇಲೆ ನಿಂತಿರುತ್ತಾನೆ. ಅವನದೇ ಟೀಮಿನ ಎತ್ತರದ ಸೆಂಟರ್ ಓಡಿಬಂದು ಡಿಫೆಂಡರ್‌ನ ದಾರಿಗೆ ಮೈ ಅಡ್ಡ ಇಡುತ್ತಾನೆ. ಇದೇ ಸ್ಕ್ರೀನ್. ಬಹಳ ಜನ ಬಾಲನ್ನೇ ನೋಡುತ್ತಿರುತ್ತಾರೆ. ನೀವು ಆ ಡಿಫೆಂಡರ್‌ನ ಕಾಲು ನೋಡಿ. ಅವನಿಗೆ ಎರಡು ದಾರಿ. ಸ್ಕ್ರೀನ್ ಹಾಕಿದವನ ಮುಂದಿನಿಂದ, ಗಾರ್ಡ್‌ಗೆ ಅಂಟಿಕೊಂಡೇ ತೂರಿಕೊಂಡು ಹೋಗಬಹುದು. ಇಲ್ಲ, ಅವನ ಬೆನ್ನ ಹಿಂದಿನಿಂದ ಸುತ್ತಿ ಆ ಕಡೆ ಎದ್ದು ನಿಲ್ಲಬಹುದು. ಹಿಂದಿನಿಂದ ಹೋದರೆ "ನೀನು ದೂರದಿಂದ ಹೊಡಿ, ನನಗೆ ಭಯ ಇಲ್ಲ" ಅಂತ ಬಾಯಿಬಿಟ್ಟು ಹೇಳಿದಂತೆಯೇ. ಮುಂದಿನಿಂದ ಹೋದರೆ ಆ ಶಾಟಿಗೆ ಹೆದರಿದ್ದಾನೆ.

ಒಂದು ಕಾಗದದಲ್ಲಿ "ಹಿಂದೆ", "ಮುಂದೆ" ಅಂತ ಎರಡು ಕಾಲಂ ಹಾಕಿ ಗೀಟು ಎಳೆಯುತ್ತಾ ಹೋಗಿ. ಸೀಸನ್ ಶುರುವಿನಲ್ಲಿ ಒಂದು ಪಂದ್ಯ, ನಡುವೆ ಒಂದು, ಕೊನೆಗೆ ಒಂದು ಮಾಡಿದರೆ ಸಾಕು. "ಹಿಂದೆ" ಕಾಲಂ ಖಾಲಿಯಾಗುತ್ತಾ ಬಂದರೆ ಲೀಗ್ ನಿಮ್ಮ ಹುಡುಗನ ಬಗ್ಗೆ ಮನಸ್ಸು ಬದಲಿಸಿದೆ. ಎದುರಾಳಿ ಕೋಚ್‌ಗಳು ಗಂಟೆಗಟ್ಟಲೆ ವಿಡಿಯೊ ನೋಡಿ ಮಾಡುವ ತೀರ್ಮಾನ ಅದು. ನಮಗೆ ಪುಕ್ಕಟೆ ಸಿಗುತ್ತದೆ.

ಡಿಫೆಂಡರ್ ಮುಂದಿನಿಂದ ಬಂದ ಮೇಲೆ ಏನಾಗುತ್ತದೆ? ಅವನು ಗಾರ್ಡ್‌ನ ಹಿಂದೆ ಅರ್ಧ ಹೆಜ್ಜೆ ಬೀಳುತ್ತಾನೆ. ಮುಂದೆ ಎದುರಾಳಿಯ ಎತ್ತರದ ಸೆಂಟರ್ ಒಬ್ಬನೇ ಕಾಯುತ್ತಿರುತ್ತಾನೆ. ಎಳೆಯ ಗಾರ್ಡ್ ಗಾಬರಿಯಾಗುವುದು ಇಲ್ಲೇ. ಬಾಲ್ ಬಡಿಯುವುದನ್ನು ಬೇಗ ನಿಲ್ಲಿಸಿ ಎತ್ತಿಕೊಂಡುಬಿಡುತ್ತಾನೆ, ಆಮೇಲೆ ಮೂರು ಜನರ ನಡುವೆ ಸಿಕ್ಕಿಬೀಳುತ್ತಾನೆ. ಮ್ಯಾಕ್ಸಿ ಇದಕ್ಕೆ ವೇಗದಿಂದ ಉತ್ತರ ಕೊಡುತ್ತಾನೆ. ಸೆಂಟರ್ ಕೈ ಎತ್ತುವ ಮುಂಚೆಯೇ ಫ್ಲೋಟರ್ ಬಿಟ್ಟಿರುತ್ತಾನೆ.

ನ್ಯೂಯಾರ್ಕ್ ಟೀಮಿನ ಗಾರ್ಡ್ ಜೇಲನ್ ಬ್ರನ್ಸನ್ ಇದೇ ಎತ್ತರದವನು, 6 ಅಡಿ 2 ಇಂಚು. ಎಡಗೈಯವನು. ಅವನಿಗೆ ಆ ವೇಗ ಇಲ್ಲ. ಅವನು ಹಿಂದೆ ಬಿದ್ದ ಡಿಫೆಂಡರ್‌ಗೆ ಬೆನ್ನು ಕೊಟ್ಟು, ಅವನನ್ನು ಹಿಂದೆಯೇ ಕಟ್ಟಿಹಾಕಿ ನಿಧಾನವಾಗಿ ಒಳಗೆ ಬರುತ್ತಾನೆ. ಎರಡೂ ಕಾಲು ನೆಲಕ್ಕೆ ಊರಿ ನಿಲ್ಲುತ್ತಾನೆ. ಒಂದು ಕಾಲ ಮೇಲೆ ಆ ಕಡೆ ತಿರುಗುತ್ತಾನೆ, ಈ ಕಡೆ ತಿರುಗುತ್ತಾನೆ. ಡಿಫೆಂಡರ್ ನೆಗೆದ ಮೇಲೆ ಹೊಡೆಯುತ್ತಾನೆ. ನನಗೆ ಇವನ ಆಟವೇ ಹೆಚ್ಚು ಇಷ್ಟ. ನಮ್ಮ ಹುಡುಗರಿಗೆ ತೋರಿಸುವುದೂ ಇವನನ್ನೇ. ಮ್ಯಾಕ್ಸಿಯ ಕಾಲು ಎಲ್ಲರಿಗೂ ಬರುವುದಿಲ್ಲ, ಕಾಲು ಊರುವುದನ್ನು ಕಲಿಯಬಹುದು.

ಅಸಿಸ್ಟ್ ಕಮ್ಮಿಯಾದರೆ ಗಾಬರಿ ಬೇಡ

ಅಸಿಸ್ಟನ್ನು (ಜೊತೆಯವನು ಸ್ಕೋರ್ ಮಾಡಲು ಕೊಟ್ಟ ಪಾಸ್) ಒಂಟಿಯಾಗಿ ನೋಡಬೇಡಿ, ಟರ್ನ್‌ಓವರ್ (ಎದುರಾಳಿಗೆ ಬಾಲ್ ಕಳೆದುಕೊಂಡದ್ದು) ಪಕ್ಕದಲ್ಲಿಟ್ಟು ನೋಡಿ. ಎರಡನೇ ಸೀಸನ್ನಿನಲ್ಲಿ ಮ್ಯಾಕ್ಸಿ 4.3 ಅಸಿಸ್ಟ್, 1.2 ಟರ್ನ್‌ಓವರ್. ನಾಲ್ಕನೇ ಸೀಸನ್ನಿನಲ್ಲಿ 6.2 ಮತ್ತು 1.7. ಎರಡೂ ಸಲ ಒಂದು ಬಾಲ್ ಕಳೆದುಕೊಂಡರೆ ಮೂರೂವರೆಗಿಂತ ಜಾಸ್ತಿ ಅಸಿಸ್ಟ್. ಕೈಗೆ ಬಾಲ್ ಹೆಚ್ಚು ಬಂದರೂ ಪ್ರಮಾಣ ಅಲ್ಲಾಡಲಿಲ್ಲ. ಕೋಚ್‌ಗೆ ರಾತ್ರಿ ನಿದ್ದೆ ಬರುವುದು ಇಂಥ ಗಾರ್ಡ್ ಇದ್ದಾಗ.

ನಡುವಿನ ಮೂರನೇ ಸೀಸನ್ನಿನಲ್ಲಿ ಅಸಿಸ್ಟ್ 3.5ಕ್ಕೆ ಇಳಿದಿತ್ತು. ಹಿಂದಕ್ಕೆ ಹೋದನಾ? ಇಲ್ಲ. ಪಕ್ಕದಲ್ಲಿ ಜೇಮ್ಸ್ ಹಾರ್ಡನ್ ಇದ್ದ. ಆ ಸೀಸನ್ನಿನಲ್ಲಿ ಪಂದ್ಯಕ್ಕೆ 10.7 ಅಸಿಸ್ಟ್ ಕೊಟ್ಟು ಇಡೀ ಲೀಗಿಗೇ ಮೊದಲಿಗ. ಬಾಲ್ ಅವನ ಕೈಯಲ್ಲಿ. ಮ್ಯಾಕ್ಸಿ ಮೂಲೆಯಲ್ಲಿ ನಿಂತು ಕಾಯುವುದನ್ನು ಕಲಿತ, ತ್ರೀ ಪರ್ಸೆಂಟೇಜ್ ಇನ್ನೂ ಸ್ವಲ್ಪ ಏರಿದ್ದು ಆ ವರ್ಷವೇ. ಅದೇ ಸೀಸನ್ನಿನ ನವೆಂಬರಿನಲ್ಲಿ ಎಡಗಾಲಿನ ಪಾದದಲ್ಲಿ ಸಣ್ಣ ಮುರಿತ ಬೇರೆ. ವಾಪಸ್ ಬಂದ ಮೇಲೆ ಕೆಲವು ಕಾಲ ಬೆಂಚಿನಿಂದ ಆಡಿಸಿದರು. 60 ಪಂದ್ಯ ಆಡಿದ, 41ರಲ್ಲಿ ಸ್ಟಾರ್ಟ್. ಹಿಂದಿನ ವರ್ಷ 74 ಸ್ಟಾರ್ಟ್ ಮಾಡಿದವನನ್ನು ಬೆಂಚಿಗೆ ಕೂರಿಸಿದಾಗ ಅವನು ಹೇಗೆ ಆಡುತ್ತಾನೆ ಅನ್ನುವುದನ್ನು ತಪ್ಪದೆ ನೋಡಬೇಕು. ಕೆಲವರು ಬಂದ ತಕ್ಷಣ ಎಲ್ಲಾ ಬಾಲನ್ನೂ ರಿಮ್ ಕಡೆಗೇ ಎಸೆಯುತ್ತಾರೆ, ಸಿಟ್ಟು ತೀರಿಸಿಕೊಳ್ಳುವವರ ಹಾಗೆ. ಮ್ಯಾಕ್ಸಿ ಹಾಗೆ ಮಾಡಲಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಪಂದ್ಯಕ್ಕೆ 20.3 ಪಾಯಿಂಟ್.

ಬಾಗಿಲು ತೆರೆದ ದಿನ

ಮೊದಲು ಬರೆದಿಟ್ಟುಕೊಂಡ ಪಟ್ಟಿ ಈಗ ತೆಗೆಯಿರಿ. ಯಾವ ಹೆಸರು ಯಾವಾಗ ಅಳಿಸಿತು, ದಿನಾಂಕ ಹಾಕಿ.

ಮ್ಯಾಕ್ಸಿಯ ಪಟ್ಟಿಯಲ್ಲಿ ಮೊದಲು ಅಳಿಸಿದ್ದು ಸಿಮ್ಮನ್ಸ್. 2021ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸರಣಿಗಳು) ಅಟ್ಲಾಂಟಾ ವಿರುದ್ಧ ಸಿಕ್ಸರ್ಸ್ ಏಳನೇ ಪಂದ್ಯದಲ್ಲಿ ಸೋತಿತು. ಆಮೇಲೆ ಸಿಮ್ಮನ್ಸ್ ತನ್ನನ್ನು ಬೇರೆ ಕಡೆ ಕಳಿಸಿ ಅಂದ. ಮುಂದಿನ ಸೀಸನ್ ಒಂದೂ ಪಂದ್ಯ ಆಡಲಿಲ್ಲ. ಪಾಯಿಂಟ್ ಗಾರ್ಡ್ ಜಾಗ ಖಾಲಿ. ಆದರೆ ಆ ಜಾಗ ಮ್ಯಾಕ್ಸಿಗೇ ಯಾಕೆ ಹೋಯಿತು? ಅದೇ ಸರಣಿಯ ಆರನೇ ಪಂದ್ಯ ನೋಡಿ, 2021ರ ಜೂನ್ 18. ಸೋತರೆ ಮನೆಗೆ. 20 ವರ್ಷದ ಹುಡುಗ ಬೆಂಚಿನಿಂದ ಬಂದು 16 ಪಾಯಿಂಟ್ ಹಾಕಿದ, ಟೀಮ್ 104–99ರಲ್ಲಿ ಗೆದ್ದಿತು. ಜನವರಿಯ 39ಕ್ಕಿಂತ ಈ 16 ದೊಡ್ಡದು ಅಂತ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಇಲ್ಲಿ ಎಂಬೀಡ್ ಇದ್ದ, ಸಿಮ್ಮನ್ಸ್ ಇದ್ದ, ಸೆತ್ ಕರಿ, ಹ್ಯಾರಿಸ್ ಇಬ್ಬರೂ ಇದ್ದರು. ಇದ್ದರೂ ಕೋಚ್ ಡಾಕ್ ರಿವರ್ಸ್ ಇವನನ್ನು ಆಡಿಸಿದರು.

ಎರಡನೇ ಸಲ ಬಾಗಿಲು ತೆರೆದದ್ದು 2023ರ ಅಕ್ಟೋಬರ್ ಕೊನೆಗೆ. ಹಾರ್ಡನ್‌ನನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಕೊಟ್ಟರು. ಎರಡು ವಾರದೊಳಗೆ, ನವೆಂಬರ್ 12ಕ್ಕೆ, ಇಂಡಿಯಾನಾ ವಿರುದ್ಧ ಮ್ಯಾಕ್ಸಿ 50 ಹೊಡೆದ. ಆ ಸೀಸನ್ ಮುಗಿಯುವಾಗ ಆಲ್‌ಸ್ಟಾರ್ ಆಗಿದ್ದ, ಅತಿ ಹೆಚ್ಚು ಸುಧಾರಿಸಿದ ಆಟಗಾರ ಅನ್ನುವ ಪ್ರಶಸ್ತಿಯೂ ಬಂತು.

ಬ್ರನ್ಸನ್ ಕತೆಯಲ್ಲೂ ಇದೇ. 2018ರಲ್ಲಿ 33ನೇ ಸ್ಥಾನ, ಎರಡನೇ ಸುತ್ತು. ವಿಲ್ಲನೋವಾ ಪರ ಎರಡು ಸಲ ಕಾಲೇಜು ಚಾಂಪಿಯನ್ ಆಗಿ, ಕೊನೆಯ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನ್ನಿಸಿಕೊಂಡು ಬಂದವನಿಗೆ 33! ಅದೇ ಡ್ರಾಫ್ಟ್‌ನಲ್ಲಿ ಡಲ್ಲಾಸ್‌ಗೆ ಲುಕಾ ಡಾನ್ಚಿಚ್ ಕೂಡ ಸಿಕ್ಕಿದ್ದ. ಬಾಲ್ ಲುಕಾ ಕೈಯಲ್ಲಿ. ಬ್ರನ್ಸನ್ ನಾಲ್ಕು ವರ್ಷದ ಪಾಯಿಂಟ್: 9.3, 8.2, 12.6, 16.3. ಹೆಸರು ನೋಡದೆ ಈ ಸಾಲು ಓದಿದರೆ ಒಳ್ಳೆಯ ಬೆಂಚ್ ಆಟಗಾರ ಅಂತೀರಿ. ಆದರೆ 2022ರ ಪ್ಲೇಆಫ್ ಶುರುವಿನಲ್ಲಿ ಲುಕಾ ಕಾಲು ನೋವಿನಿಂದ ಹೊರಗಿದ್ದ. ಯೂಟಾ ವಿರುದ್ಧ ಎರಡನೇ ಪಂದ್ಯದಲ್ಲಿ ಬ್ರನ್ಸನ್ 41 ಹೊಡೆದ. ಬಾಗಿಲು ತೆರೆದದ್ದು ಒಂದೇ ವಾರ, ಒಳಗೇನಿದೆ ಅಂತ ನ್ಯೂಯಾರ್ಕ್ ನೋಡಿಬಿಟ್ಟಿತು. ಅಲ್ಲಿಗೆ ಹೋದ ಮೊದಲ ವರ್ಷ 24, ಎರಡನೇ ವರ್ಷ 28.7.

ಇಬ್ಬರೂ ಎದುರುಬದುರಾದ ಸರಣಿ ನೋಡದಿದ್ದರೆ ಈ ವಾರಾಂತ್ಯವೇ ಹುಡುಕಿ ನೋಡಿ. 2024ರ ಏಪ್ರಿಲ್ 30, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಐದನೇ ಪಂದ್ಯ. ಸೋತರೆ ಸಿಕ್ಸರ್ಸ್ ಮನೆಗೆ. ಅರ್ಧ ನಿಮಿಷಕ್ಕೂ ಕಮ್ಮಿ ಉಳಿದಿದೆ, ಆರು ಪಾಯಿಂಟ್ ಹಿಂದೆ. ಮ್ಯಾಕ್ಸಿ ತ್ರೀ ಹೊಡೆದ, ಹೊಡೆಯುವಾಗಲೇ ಫೌಲೂ ಸಿಕ್ಕಿತು. ಫ್ರೀ ಥ್ರೋ ಸೇರಿ ನಾಲ್ಕು. ನ್ಯೂಯಾರ್ಕ್‌ಗೆ ಎರಡು ಫ್ರೀ ಥ್ರೋ ಸಿಕ್ಕಿತು, ಒಂದು ಬಿತ್ತು, ಒಂದು ತಪ್ಪಿತು. ಈಗ ಮೂರು ಹಿಂದೆ. ಮ್ಯಾಕ್ಸಿ ಬಾಲ್ ತಂದವನು ಗೆರೆಯ ಹತ್ತಿರಕ್ಕೂ ಬರಲಿಲ್ಲ. 34 ಅಡಿ ದೂರದಿಂದಲೇ ಎತ್ತಿ ಹೊಡೆದ. 97–97. ಓವರ್‌ಟೈಮಿನಲ್ಲಿ ಸಿಕ್ಸರ್ಸ್ ಗೆದ್ದಿತು. ಅವನದು 46. ಎರಡು ದಿನ ಬಿಟ್ಟು ಆರನೇ ಪಂದ್ಯದಲ್ಲಿ ಬ್ರನ್ಸನ್ 41 ಹೊಡೆದು ಸರಣಿ ಮುಗಿಸಿದ. ಮೊದಲ ವರ್ಷ ಶೇ. 30 ತ್ರೀ ಹೊಡೆಯುತ್ತಿದ್ದ ಹುಡುಗ ಆ ಶಾಟಿಗೆ ಯೋಚನೆಯನ್ನೂ ಮಾಡಲಿಲ್ಲ. ನಾನು ಮನೆಯಲ್ಲಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಏನಾಯಿತು ಅಂತ ಬಂದು ಕೇಳಿದರು.

ಯಾವಾಗ, ಎಷ್ಟು ನೋಡಬೇಕು

ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ಪಂದ್ಯ ಅಲ್ಲಿ ಸಂಜೆ 7ಕ್ಕೆ ಶುರುವಾದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 5.30. ಅವರು ಗಡಿಯಾರ ಮುಂದೆ ಮಾಡಿಕೊಳ್ಳುವ ತಿಂಗಳುಗಳಲ್ಲಿ 4.30. ಕ್ಯಾಲಿಫೋರ್ನಿಯಾ ಕಡೆಯ ತಡವಾದ ಪಂದ್ಯಗಳು ಚಳಿಗಾಲದಲ್ಲಿ ಬೆಳಗ್ಗೆ 9ಕ್ಕೆ ಬರುತ್ತವೆ, ಆಫೀಸಿಗೆ ಹೋಗುವವರಿಗೆ ಅದೇ ಕಷ್ಟ. ದಿನಾ ಎದ್ದು 82 ಪಂದ್ಯ ನೋಡುವುದು ಯಾರಿಗೂ ಆಗುವ ಮಾತಲ್ಲ. ಪೂರ್ತಿ ಪಂದ್ಯದ ರೆಕಾರ್ಡಿಂಗ್ ಆಮೇಲೆ ಸಿಗುತ್ತದೆ. ಅದರಲ್ಲಿ ಮೊದಲ ಕ್ವಾರ್ಟರಿನ ಕೊನೆಯ ನಾಲ್ಕು ನಿಮಿಷ, ಎರಡನೆಯದರ ಮೊದಲ ನಾಲ್ಕು ನಿಮಿಷ ನೋಡಿ. ದೊಡ್ಡವರು ಉಸಿರು ಬಿಡಲು ಕೂರುವ ಹೊತ್ತು ಅದು. ಎಳೆಯ ಗಾರ್ಡ್ ಟೀಮ್ ನಡೆಸುವುದು ಸಾಮಾನ್ಯವಾಗಿ ಆಗಲೇ. ಅವನು ನಾಲ್ಕನೇ ಕ್ವಾರ್ಟರಿನ ಕೊನೆಯ ಐದು ನಿಮಿಷಕ್ಕೂ ಕೋರ್ಟಿನಲ್ಲಿ ಉಳಿಯಲು ಶುರುಮಾಡಿದ ವಾರವನ್ನು ಗುರುತು ಮಾಡಿಕೊಳ್ಳಿ.

ದುಡ್ಡಿನ ಲೆಕ್ಕ

ಇದನ್ನು ಬಿಟ್ಟರೆ ಅರ್ಧ ಕತೆ ಬಿಟ್ಟಂತೆ. ಮೊದಲ ಸುತ್ತಿನಲ್ಲಿ ಬಂದವನ ಒಪ್ಪಂದ ಮೊದಲೇ ನಿಗದಿ. ಎರಡು ವರ್ಷ ಖಾತ್ರಿ, ಮೂರು ಮತ್ತು ನಾಲ್ಕನೇ ವರ್ಷ ಟೀಮ್ ಬೇಕೆಂದರೆ ಉಂಟು. ಮೂರನೇ ಸೀಸನ್ ಮುಗಿದ ಮೇಲೆ ಹೊಸ ದೊಡ್ಡ ಒಪ್ಪಂದ ಮಾಡಿಕೊಳ್ಳಬಹುದು. ಆಗದಿದ್ದರೆ ನಾಲ್ಕರ ನಂತರ ಬೇರೆ ಟೀಮ್ ಕರೆದರೂ ಹಳೆಯ ಟೀಮ್ ಅಷ್ಟೇ ದುಡ್ಡು ಕೊಟ್ಟು ಉಳಿಸಿಕೊಳ್ಳಬಹುದು.

2023ರ ಬೇಸಿಗೆಯಲ್ಲಿ ಸಿಕ್ಸರ್ಸ್ ಮ್ಯಾಕ್ಸಿಗೆ ದೊಡ್ಡ ಒಪ್ಪಂದ ಕೊಡಲಿಲ್ಲ. ಬೇಡ ಅಂತ ಅಲ್ಲ. ಅವನ ಸಂಬಳ ಕಮ್ಮಿ ಇದ್ದಷ್ಟು ದಿನ 2024ರಲ್ಲಿ ಇನ್ನೊಬ್ಬ ದೊಡ್ಡ ಆಟಗಾರನಿಗೆ ಜಾಗ ಇರುತ್ತದೆ ಅನ್ನುವ ಲೆಕ್ಕ. ಹುಡುಗ 43 ಲಕ್ಷ ಡಾಲರ್ ಚಿಲ್ಲರೆ ಸಂಬಳಕ್ಕೆ ಆಲ್‌ಸ್ಟಾರ್ ಸೀಸನ್ ಆಡಿದ. ಮುಂದಿನ ಬೇಸಿಗೆಯಲ್ಲಿ ಪಾಲ್ ಜಾರ್ಜ್ ಬಂದ, ಮ್ಯಾಕ್ಸಿಗೆ ಐದು ವರ್ಷಕ್ಕೆ ಸುಮಾರು 20.4 ಕೋಟಿ ಡಾಲರ್ ಸಿಕ್ಕಿತು. ಕಾದದ್ದು ಅವನಿಗೆ ನಷ್ಟ ಆಗಲಿಲ್ಲ. ಆದರೆ ಆ ವರ್ಷ ಕಾಲು ಮುರಿದಿದ್ದರೆ? ಈ ಅಪಾಯವನ್ನು ಹೊತ್ತವನು ಅವನು, ಟೀಮ್ ಅಲ್ಲ.

ಎರಡನೇ ಸುತ್ತಿನವರಿಗೆ ಈ ಕಟ್ಟು ಇಲ್ಲ. ಬ್ರನ್ಸನ್ ನಾಲ್ಕು ವರ್ಷದ ಒಪ್ಪಂದ ಮುಗಿಸಿ ಪೂರ್ತಿ ಸ್ವತಂತ್ರನಾದ. 2021–22ರ ಸೀಸನ್ನಿನಲ್ಲಿ ಡಲ್ಲಾಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್‌ಗೆ ಅವನನ್ನು ಉಳಿಸಿಕೊಳ್ಳುವ ಅವಕಾಶ ಇತ್ತು. ಒಪ್ಪಂದ ಆಗಲಿಲ್ಲ. 2022ರ ಜುಲೈನಲ್ಲಿ ನ್ಯೂಯಾರ್ಕ್ ನಾಲ್ಕು ವರ್ಷಕ್ಕೆ 10.4 ಕೋಟಿ ಕೊಟ್ಟಿತು. ಡಲ್ಲಾಸ್‌ಗೆ ಸರಿಗಟ್ಟಿ ಉಳಿಸಿಕೊಳ್ಳುವ ಹಕ್ಕು ಇರಲಿಲ್ಲ, ಕೈಬೀಸಿ ಕಳಿಸಬೇಕಾಯಿತು.

ಹಾಗಾಗಿ ನಿಮ್ಮ ಹುಡುಗನ ಮೂರನೇ ಸೀಸನ್ ಮುಗಿದ ವರ್ಷದ ಅಕ್ಟೋಬರ್ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಮೊದಲ ಸುತ್ತಿನವನಾದರೆ ಹೊಸ ಸೀಸನ್ ಶುರುವಾಗುವ ಹಿಂದಿನ ದಿನದೊಳಗೆ ಸಹಿ ಬೀಳಬೇಕು. ಬೀಳದಿದ್ದರೆ, ಟೀಮಿಗೆ ಅವನ ಮೇಲೆ ನಂಬಿಕೆ ಇಲ್ಲವಾ, ಇಲ್ಲ ಮ್ಯಾಕ್ಸಿಗೆ ಮಾಡಿದ ಹಾಗೆ ಜಾಗ ಉಳಿಸುತ್ತಿದ್ದಾರಾ ಅಂತ ನೋಡಿ. ಆ ಸೀಸನ್ನಿನ ನಿಮಿಷದ ಕಾಲಂ ಎರಡೇ ವಾರದಲ್ಲಿ ಉತ್ತರ ಹೇಳುತ್ತದೆ.